ಪದಚರ್ಚೆ: ಉಬ್ಬಸದ ವಿಷ್ಯದಲ್ಲಿ "ರೋಗನಿರೋಧಕ ಶಕ್ತಿ" ಅನ್ನಬಹುದಾ? "ತೋ" ಅಂದ್ರೆ ಕಷಾಯಾನಾ?

ಎಲ್ರಿಗೂ ನಮಸ್ಕಾರ,

ಉಬ್ಬಸಕ್ಕೆ (ಆಸ್ತಮಾ) ಕೊಡೋ ಜಪಾನಿನ ಕಂಪೋ ಔಷಧಿ, ಅಂದ್ರೆ ಚೀನಾ ಮೂಲದ ಗಿಡಮೂಲಿಕೆ ಔಷಧಿ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಿದೀನಿ, ಎರಡು ಪದ ಗಂಟಲಲ್ಲಿ ಸಿಕ್ಕೊಂಡಿವೆ. (ಕಂಪೋನ ನಮ್ಮ ಕಂಪು ಅಂದ್ಕೋಬೇಡಿ, "ಕಾನ್" ಅಂದ್ರೆ ಚೀನಾದ ಹಾನ್, "ಹೋ" ಅಂದ್ರೆ ವಿಧಾನ, ಎರಡೂ ಸೇರಿ ಕಂಪೋ ಆಗುತ್ತೆ. ಡಚ್ಚರ ವೈದ್ಯಪದ್ಧತಿ ಜಪಾನಿಗೆ ಬಂದ್ಮೇಲೆ ಅದಕ್ಕಿಂತ ಬೇರೆ ಅಂತ ತೋರಿಸೋಕೆ ಈ ಹೆಸ್ರು ಬಳಕೆಗೆ ಬಂತು.)

ಮೊದಲನೇದು ಇಮ್ಯೂನ್ ರೆಸ್ಪಾನ್ಸ್. ನಾನು "ರೋಗನಿರೋಧಕ ಪ್ರತಿಕ್ರಿಯೆ ತಗ್ಗುತ್ತೆ" ಅಂತ ಬರ್ದಿದ್ದೆ, ಪ್ರೂಫ್ ನೋಡಿದವ್ರು ತಪ್ಪಿರ್ಬೇಕು ಅಂತ "ರೋಗನಿರೋಧಕ ಶಕ್ತಿ ಹೆಚ್ಚುತ್ತೆ" ಅಂತ ತಿದ್ದಿ ಕಳಿಸಿದ್ರು! ಅವ್ರನ್ನೂ ಬೈಯೋ ಹಾಗಿಲ್ಲ ಬಿಡಿ, ಕೊರೊನಾ ಆದ್ಮೇಲೆ ಆ ಪದದ ಪಕ್ಕ "ಹೆಚ್ಚಿಸುತ್ತೆ" ಬಿಟ್ಟು ಬೇರೇದನ್ನ ಯಾರೂ ಓದೇ ಇಲ್ಲ. ಆದ್ರೆ ಅಲರ್ಜಿಯಿಂದ ಬರೋ ಆಸ್ತಮಾದಲ್ಲಿ ಆಗೋದೇ ಉಲ್ಟಾ, ಹೂವಿನ ಪರಾಗನೋ ಹಾಸಿಗೆ ಧೂಳೋ ಒಳಗೆ ಹೋದ್ರೆ ಐಜಿಇ ಅನ್ನೋ ಪ್ರತಿಕಾಯ ಮಾಸ್ಟ್ ಅನ್ನೋ ರಕ್ಷಣಾ ಕೋಶಗಳನ್ನ ಕೆಣಕಿ ಹಿಸ್ಟಮಿನ್ ಅನ್ನೋ ರಾಸಾಯನಿಕ ಸುರಿಸುತ್ತೆ, ಆಮೇಲೆ ಬಿಳಿ ರಕ್ತಕಣಗಳ ಜಾತಿಯ ಇಯೋಸಿನೋಫಿಲ್‌ಗಳು ಬಂದು ಸೇರ್ಕೊಂಡು ಶ್ವಾಸನಾಳ ಬಾತ್ಕೊಳ್ಳುತ್ತೆ. ಇಲ್ಲಿ ಧೂಳು ರೋಗಾಣು ಅಲ್ಲ, ನಿರೋಧಾನೇ ರೋಗ. ಶೋಸೇರ್ಯೂತೋ ಅನ್ನೋ ಕಂಪೋ ಔಷಧಿ ಕೊಟ್ಟ ಇಲಿಗಳಲ್ಲಿ ಈ ಇಯೋಸಿನೋಫಿಲ್ ಕಮ್ಮಿ ಆಗಿದ್ದು ಕಂಡಿದೆ, ಅದನ್ನ "ಶಕ್ತಿ ಕಮ್ಮಿ ಆಯ್ತು" ಅಂತ ಬರೆದ್ರೆ ಓದಿದವ್ರು ಹೆದರ್ಕೋತಾರೆ. "ಪ್ರತಿರಕ್ಷಣಾ ಪ್ರತಿಕ್ರಿಯೆ" ಅಂದ್ರೆ ನಾಲಿಗೆ ಹೊರಳಲ್ಲ. "ಮೈಕಾವಲು" ಅಂದ್ರೆ ಹೇಗೆ? "ಮೈಕಾವಲು ಅತಿಯಾಗಿ ಕೆರಳೋದು" ಅಂತ ಬರೆದ್ರೆ ನಮ್ಮಮ್ಮಂಗೂ ಅರ್ಥ ಆಯ್ತು.

ಎರಡನೇದು ಶೋಸೇರ್ಯೂತೋ ಹೆಸ್ರಿನ ಕೊನೇ "ತೋ". "ಶೋ" ಚಿಕ್ಕದು, "ಸೇರ್ಯೂ" ನೀಲಿ ಡ್ರ್ಯಾಗನ್ (ಹಸಿರು ಅಂತಾನೂ ಅಂತಾರೆ, ಆ ಅಕ್ಷರಕ್ಕೆ ಎರಡೂ ಬಣ್ಣ ಸಲ್ಲುತ್ತೆ), "ತೋ" ಅಂದ್ರೆ ಕುದಿಸಿ ಇಳಿಸಿದ್ದು. ಒಳಗಿರೋ ಎಂಟು ಸಾಮಗ್ರೀಲಿ ಒಣಶುಂಠಿ, ಜೇಷ್ಠಮಧು ನಮ್ಮ ಡಬ್ಬೀಲೂ ಇರುತ್ವೆ, ಸೊ ಕಷಾಯ ಅಂತ ಕಣ್ಮುಚ್ಚಿ ಬರೆದೆ. ಆದ್ರೆ ಈಗ ಅಲ್ಲಿ ಕುದಿಸೋವ್ರು ಕಮ್ಮಿ, ಡಾಕ್ಟ್ರು ಚೀಟಿ ಬರ್ಕೊಟ್ರೆ ಸಿಗೋದು ಬೆಳ್ಳಿ ಹಾಳೆಯ ಸಣ್ಣ ಪ್ಯಾಕೆಟ್, ಹರಿದ್ರೆ ರವೆ ಥರ ಕಂದು ಹರಳು, ನೀರಲ್ಲಿ ನುಂಗೋದು. ಅಲ್ಲದೆ ಅದ್ರಲ್ಲಿ ಎಫೆಡ್ರಾ ಅನ್ನೋ ಗಿಡಾನೂ ಇದೆ, 1885ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ನಾಗಾಯಿ ನಾಗಯೋಶಿ ಎಫೆಡ್ರಿನ್ ಅನ್ನೋ ಔಷಧಾಂಶ ಬೇರ್ಪಡಿಸಿದ್ದು ಅದೇ ಗಿಡದಿಂದ. ಉಸಿರ್ನಾಳ ಸಡಿಲ ಮಾಡೋದು ನಿಜ, ಜೊತೆಗೆ ಎದೆಬಡಿತ, ಬಿಪಿ ಎರಡನ್ನೂ ಏರಿಸುತ್ತೆ. ಕಷಾಯ ಅಂದ ತಕ್ಷಣ ನಮ್ಮೋರು ಜೀರಿಗೆ-ಕೊತ್ತಂಬ್ರಿದು ಅಂದ್ಕೊಂಡು ಎರಡು ಲೋಟ ಜಾಸ್ತೀನೇ ಕುಡೀತಾರೆ, ಅದೇ ನನ್ ಭಯ.

ಹಾಗಾಗಿ "ಕಷಾಯದ ಹರಳು" ಅಂತ ಹಾಕ್ಲಾ, ಸುಮ್ನೆ "ತೋ" ಅಂತಾನೇ ಉಳಿಸ್ಲಾ? ಇನ್ನೊಂದು, ನಮ್ಮ ಕಡೆ ಆಸ್ತಮಾಗೆ ಗೂರಲು ಅಂತೀವಿ, ನಿಮ್ಮೂರಲ್ಲಿ ಉಬ್ಬಸಾನಾ ದಮ್ಮಾ? ಮೂರೂ ಒಂದೇ ಕಾಯಿಲೆಗೆ ಹೇಳ್ತೀರಾ ಅಥ್ವಾ ಬರೀ ಏದುಸಿರಿಗೂ ನಡೆಯುತ್ತಾ?