ಜೆಕ್ವೆರಿ ಬಿಟ್ಟ ಮೇಲೆ ‘ಕ್ಲಿಕ್.ಮೆನು’ಗೆ ಏನು ಮಾಡೋದು?

ಪ್ರಶ್ನೆ: ಜೆಕ್ವೆರಿ ಲೈಬ್ರರಿಯ ‘ಆನ್’ನಲ್ಲಿ ‘ಕ್ಲಿಕ್.ಮೆನು’ ಅಂತ ಹೆಸರು ಕೊಟ್ಟು ಹ್ಯಾಂಡ್ಲರ್ (ಇವೆಂಟ್ ಬಂದಾಗ ಓಡುವ ಫಂಕ್ಷನ್) ಹಾಕಿ, ಆಮೇಲೆ ಆಫ್‌ಗೆ ‘.ಮೆನು’ ಅಂತ ಕೊಟ್ಟರೆ ಆ ಗುಂಪಿನ ಹ್ಯಾಂಡ್ಲರ್‌ಗಳೆಲ್ಲ ಒಟ್ಟಿಗೆ ಹೋಗ್ತಿದ್ದವು. ಬರೀ ಜಾವಾಸ್ಕ್ರಿಪ್ಟ್‌ನಲ್ಲಿ ಆಡ್‌ಇವೆಂಟ್‌ಲಿಸನರ್‌ಗೆ ಅದೇ ಹೆಸರು ಕೊಟ್ಟರೆ ಎರರೂ ಇಲ್ಲ, ಕೆಲಸವೂ ಇಲ್ಲ. ರಿಮೂವ್‌ಇವೆಂಟ್‌ಲಿಸನರ್ ಕೂಡ ಕೆಲವು ಸಲ ಏನೂ ಮಾಡಲ್ಲ. ಯಾಕೆ ಸರ್?

ಉತ್ತರ: ಚುಕ್ಕಿ ನೋಡಿ ಹೆಸರು ಒಡೆಯೋದು ಜೆಕ್ವೆರಿಯದೇ ಏರ್ಪಾಡು. ಬ್ರೌಸರ್‌ಗೆ ‘ಕ್ಲಿಕ್.ಮೆನು’ ಅನ್ನೋದು ಇಡಿಯಾಗಿ ಒಂದೇ ಹೆಸರು, ಆ ಹೆಸರಿನ ಇವೆಂಟ್ ಎಂದೂ ಬರೋದಿಲ್ಲ.

ರಿಮೂವ್ ಮಾಡುವಾಗ ಇವೆಂಟ್ ಹೆಸರು, ಫಂಕ್ಷನ್ ರೆಫರೆನ್ಸ್, ಕ್ಯಾಪ್ಚರ್ (ಇವೆಂಟ್ ಹೊರಗಿನಿಂದ ಒಳಗೆ ಇಳಿಯುವಾಗಲೇ ಹಿಡಿಯಬೇಕಾ ಅನ್ನೋ ಆಯ್ಕೆ) ಈ ಮೂರೂ ಹಾಕಿದಾಗ ಇದ್ದಂತೆಯೇ ಇರಬೇಕು. ಒನ್ಸ್, ಪ್ಯಾಸಿವ್ ಅನ್ನೋ ಬೇರೆ ಆಯ್ಕೆಗಳು ಲೆಕ್ಕಕ್ಕಿಲ್ಲ. ಎಲ್ಲರೂ ಎಡವೋದು ಎರಡನೆಯದರಲ್ಲಿ: ಬೈಂಡ್ ಕರೆದಾಗಲೆಲ್ಲ ಹೊಸ ಫಂಕ್ಷನ್ ಹುಟ್ಟುತ್ತೆ, ಅಲ್ಲೇ ಬರೆದ ಆ್ಯರೋ ಫಂಕ್ಷನ್ನೂ ಹಾಗೇ.

ಹಾಗಾಗಿ ರೆಫರೆನ್ಸ್ ಜೋಪಾನ ಮಾಡೋ ತಾಪತ್ರಯವೇ ಬೇಡ, ನೇಮ್‌ಸ್ಪೇಸ್‌ಗೊಂದು (ಅಂದರೆ ಚುಕ್ಕಿಯ ನಂತರದ ಗುಂಪಿನ ಹೆಸರಿಗೊಂದು) ಅಬಾರ್ಟ್‌ಕಂಟ್ರೋಲರ್ ಇಡಿ. ಅದು ತನ್ನ ಸಿಗ್ನಲ್ ಪಡೆದ ಕೆಲಸಗಳನ್ನು ರದ್ದು ಮಾಡೋ ಬ್ರೌಸರ್ ಆಬ್ಜೆಕ್ಟ್. ಒಂದು ಮ್ಯಾಪ್, ಅದರಲ್ಲಿ ಕೀ ‘ಮೆನು’, ವ್ಯಾಲ್ಯೂ ಕಂಟ್ರೋಲರ್. ನಿಮ್ಮ ‘ಆನ್’ ಫಂಕ್ಷನ್ ಮೊದಲು ಕೀ ಇದೆಯಾ ನೋಡಲಿ, ಇಲ್ಲದಿದ್ದರೆ ಹೊಸ ಕಂಟ್ರೋಲರ್ ಸೇರಿಸಲಿ. ಆಮೇಲೆ ಆಡ್‌ಇವೆಂಟ್‌ಲಿಸನರ್‌ನ ಮೂರನೇ ಆರ್ಗ್ಯುಮೆಂಟ್ ಆಬ್ಜೆಕ್ಟ್‌ನಲ್ಲಿ ಅದರ ಸಿಗ್ನಲ್ ಕೊಡಲಿ. ‘ಆಫ್’ ಅಂದರೆ ಅಬಾರ್ಟ್ ಕರೆದು, ಮ್ಯಾಪ್‌ನಿಂದ ಕೀ ಡಿಲೀಟ್ ಮಾಡೋದು, ಅಷ್ಟೇ. ಬಟನ್, ಡಾಕ್ಯುಮೆಂಟ್, ವಿಂಡೋ ಎಲ್ಲಿ ಹಾಕಿದ್ದರೂ ಒಂದೇ ಏಟಿಗೆ ಹೋಗುತ್ತವೆ. ಅದೇ ಸಿಗ್ನಲ್ಲನ್ನು ಫೆಚ್‌ಗೂ ಕೊಟ್ಟಿದ್ದರೆ, ಇನ್ನೂ ಮುಗಿಯದ ರಿಕ್ವೆಸ್ಟೂ ನಿಲ್ಲುತ್ತೆ.

ಡಿಲೀಟ್ ಮಾತ್ರ ಮರೀಬೇಡಿ. ಒಮ್ಮೆ ಅಬಾರ್ಟ್ ಆದ ಕಂಟ್ರೋಲರ್‌ಗೆ ಮರುಜೀವ ಇಲ್ಲ. ಅದರ ಸಿಗ್ನಲ್ ಕೊಟ್ಟು ಲಿಸನರ್ ಹಾಕಿದರೆ ಬ್ರೌಸರ್ ತುಟಿಪಿಟಿಕ್ ಅನ್ನದೆ ಬಿಟ್ಟುಬಿಡುತ್ತೆ. ಮೆನು ಮೊದಲ ಸಲ ಸರಿಯಾಗಿ ತೆರೆದು, ಎರಡನೇ ಸಲ ಸತ್ತಂತಿದ್ದರೆ ಮೊದಲು ಇಲ್ಲೇ ಹುಡುಕಿ.

ಮರುಪ್ರಶ್ನೆ: ಮೆನುವಿನ ಕ್ಲಿಕ್ ಮಾತ್ರ ತೆಗೆದು ಕೀಡೌನ್ ಉಳಿಸಬೇಕಂದ್ರೆ?

ಉತ್ತರ: ಆಗ ‘ಕ್ಲಿಕ್.ಮೆನು’, ‘ಕೀಡೌನ್.ಮೆನು’ ಅಂತ ಪೂರ್ತಿ ಹೆಸರನ್ನೇ ಕೀ ಮಾಡಿ, ಪ್ರತಿಯೊಂದಕ್ಕೂ ಬೇರೆ ಕಂಟ್ರೋಲರ್. ಬ್ರೌಸರ್‌ಗೆ ಹೋಗೋದು ಚುಕ್ಕಿಗಿಂತ ಮೊದಲಿನ ಭಾಗ ಮಾತ್ರ. ಬರೀ ‘.ಮೆನು’ ಬಂದರೆ ಕೀಗಳನ್ನೆಲ್ಲ ಸುತ್ತಿ, ಚುಕ್ಕಿಯ ನಂತರ ‘ಮೆನು’ ಇರೋದನ್ನೆಲ್ಲ ಅಬಾರ್ಟ್ ಮಾಡಿ.

ಇನ್ನೊಬ್ಬ ಸದಸ್ಯರು: ಒಂದು ಸೇರಿಸ್ತೀನಿ. ಒಂದೇ ಎಲಿಮೆಂಟ್‌ನ ಒಂದೇ ಇವೆಂಟ್‌ಗೆ, ಕ್ಯಾಪ್ಚರ್ ಬದಲಿಸದೆ, ಒಂದೇ ಫಂಕ್ಷನ್ನನ್ನು ‘ಮೆನು’, ‘ಟೂಲ್‌ಟಿಪ್’ ಎರಡರಲ್ಲೂ ಹಾಕಿದರೆ ಎರಡನೆಯದು ಸೇರೋದೇ ಇಲ್ಲ, ಬ್ರೌಸರ್ ನಕಲು ಅಂತ ಬಿಡುತ್ತೆ. ‘ಮೆನು’ ತೆಗೆದಾಗ ‘ಟೂಲ್‌ಟಿಪ್’ನದೂ ಹೋಯ್ತು. ‘ಆನ್’ ಒಳಗೇ ಫಂಕ್ಷನ್ನನ್ನು ಹೊಸ ಆ್ಯರೋ ಫಂಕ್ಷನ್‌ನಲ್ಲಿ ಸುತ್ತಿ ಕೊಡಿ. ಆದರೆ ಒಳಗೆ ‘ದಿಸ್’ ಬಳಸಿದ್ದರೆ ಅದು ಎಲಿಮೆಂಟ್ ಆಗಿರಲ್ಲ, ಇವೆಂಟ್‌ನ ಕರೆಂಟ್‌ಟಾರ್ಗೆಟ್ ಬಳಸಿ.