1 ಟಿಬಿ ಎಸ್‌ಎಸ್‌ಡಿ: 40 ಜಿಬಿ ದಾಟಿದರೆ ಸ್ಪೀಡ್ ಬಿದ್ದುಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ:
ಎಸ್.ಪಿ. ರೋಡಿನಲ್ಲಿ ತಗೊಂಡ 1 ಟಿಬಿ ಸಾಟಾ ಎಸ್‌ಎಸ್‌ಡಿ, ಕ್ಯೂಎಲ್‌ಸಿ. ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಕ್ಯಾಮೆರಾ ಫೈಲ್ ಕಾಪಿಗೆ ಹಾಕಿದರೆ ಮೊದಲು ಸೆಕೆಂಡಿಗೆ 450 ಎಂಬಿ ಓಡುತ್ತದೆ. 40 ಜಿಬಿ ದಾಟಿದ ಸ್ವಲ್ಪ ಹೊತ್ತಿಗೆ 80ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಕೇಬಲ್, ಪೋರ್ಟ್ ಎರಡೂ ಬದಲಾಯಿಸಿ ನೋಡಿದೆ. 190 ಜಿಬಿ ಖಾಲಿ ಇದೆ. ಡಿಸ್ಕ್ ಹೋಯ್ತಾ? ಹೊಸದು ತಗೊಳ್ಳೋದಾದರೆ ಲೇಯರ್ ಜಾಸ್ತಿ ಇರೋದನ್ನು ನೋಡಬೇಕಾ?

ಉತ್ತರ:
ಡಿಸ್ಕ್ ಕೆಟ್ಟಿಲ್ಲ ಸರ್, ವಾರಂಟಿಗೆ ಅಲೆಯಬೇಡಿ. ಕ್ಯೂಎಲ್‌ಸಿ ಅಂದರೆ ಒಂದು ಸೆಲ್‌ನಲ್ಲಿ (ಚಾರ್ಜ್ ಹಿಡಿದಿಟ್ಟು ಡೇಟಾ ಉಳಿಸುವ ಪುಟ್ಟ ಕೋಶ) 4 ಬಿಟ್. ಹಾಗೆ ಬರೆಯೋದು ನಿಧಾನ. ಅದಕ್ಕೆ ಡಿಸ್ಕ್ ನಡೆಸುವ ಒಳಗಿನ ಚಿಪ್, ಅಂದರೆ ಕಂಟ್ರೋಲರ್, ಖಾಲಿ ಸೆಲ್‌ಗಳಲ್ಲಿ ಮೊದಲು ಒಂದೊಂದೇ ಬಿಟ್ ಬರೆದುಬಿಡುತ್ತದೆ. ಇದೇ ಎಸ್‌ಎಲ್‌ಸಿ ಕ್ಯಾಶ್. ನಿಮ್ಮ 190 ಜಿಬಿ ಜಾಗದಲ್ಲಿ ಹೀಗೆ ಹಿಡಿಯುವುದು ಹೆಚ್ಚೆಂದರೆ ಕಾಲು ಭಾಗ, 47 ಜಿಬಿ. ಅದು ತುಂಬಿದ ಮೇಲೆ ನಿಧಾನದ ಬರವಣಿಗೆಯೇ ಗತಿ. ನಿಮ್ಮ ಸ್ಪೀಡ್ ಬೀಳೋದೂ ಅಲ್ಲೇ ಅಲ್ವಾ?

ಇನ್ನು ಲೇಯರ್ ವಿಷಯ. ಚಿಪ್‌ನಲ್ಲಿ ಜಾಸ್ತಿ ಡೇಟಾ ತುಂಬಲು ಮುಖ್ಯವಾಗಿ ಮೂರು ದಾರಿ. ಸೆಲ್ ಚಿಕ್ಕದು ಮಾಡುವುದು ಹಳೆಯ ದಾರಿ. ಸುಮಾರು 15 ನ್ಯಾನೊಮೀಟರ್ ಹತ್ತಿರ ಅದು ನಿಂತುಹೋಯಿತು. ಅಷ್ಟು ಚಿಕ್ಕ ಸೆಲ್‌ನಲ್ಲಿ ಎಲೆಕ್ಟ್ರಾನ್‌ಗಳೇ ಕಡಿಮೆ, ಪಕ್ಕದ ಸೆಲ್‌ನ ಕಾಟ ಬೇರೆ. ಎರಡನೆಯದು ಬಿಟ್ ಹೆಚ್ಚಿಸುವುದು. ಇದು ನನಗೆ ಇಷ್ಟವಿಲ್ಲ. ಟಿಎಲ್‌ಸಿಯಲ್ಲಿ 3 ಬಿಟ್, ಅದಕ್ಕೆ 8 ವೋಲ್ಟೇಜ್ ಮಟ್ಟ. ಕ್ಯೂಎಲ್‌ಸಿಗೆ 16. ಜಾಗ ಸಿಗೋದು ಮೂರನೇ ಒಂದು ಭಾಗ ಜಾಸ್ತಿ, ಮಟ್ಟಗಳು ಮಾತ್ರ ಎರಡು ಪಟ್ಟು. ಒಂದು ಮಟ್ಟಕ್ಕೂ ಇನ್ನೊಂದಕ್ಕೂ ನಡುವೆ ಅಂತರವೇ ಉಳಿಯಲ್ಲ. ಅದಕ್ಕೇ ಮೆಲ್ಲಗೆ, ಅಳೆದು ಅಳೆದು ಬರೆಯಬೇಕು. ಬಾಳಿಕೆಯೂ ಕಡಿಮೆ.

ಮೂರನೆಯದು ಸೆಲ್‌ಗಳನ್ನು ಮಹಡಿ ಮೇಲೆ ಮಹಡಿ ಕಟ್ಟುವುದು. 2013ರಲ್ಲಿ ಸ್ಯಾಮ್‌ಸಂಗ್ 24 ಲೇಯರ್‌ನಿಂದ ಶುರು ಮಾಡಿತು, 2022ರಲ್ಲಿ ಮೈಕ್ರಾನ್ 232ಕ್ಕೆ ಹೋಯಿತು. ಇಲ್ಲಿ ಕಷ್ಟವೆಲ್ಲ ಫ್ಯಾಕ್ಟರಿಯವರದು: ಅಷ್ಟೂ ಲೇಯರ್ ದಾಟಿ ನೇರ ತೂತು ಕೊರೆಯಬೇಕು, ಕೆಳಗೆ ಹೋದಂತೆ ತೂತು ಕಿರಿದಾಗುತ್ತದೆ. ಆದರೆ ಲೇಯರ್ ಜಾಸ್ತಿ ಅಂದ ಮಾತ್ರಕ್ಕೆ ನಿಮ್ಮ ಕಾಪಿ ವೇಗ ಆಗಲ್ಲ. ನಿಮ್ಮ ಕೆಲಸಕ್ಕೆ ಟಿಎಲ್‌ಸಿ ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ತಗೊಳ್ಳಿ.

ಸದ್ಯಕ್ಕೆ ಹಳೇ ಪ್ರಾಜೆಕ್ಟ್‌ಗಳನ್ನು ಹಾರ್ಡ್ ಡಿಸ್ಕ್‌ಗೆ ಸಾಗಿಸಿ, ಟ್ರಿಮ್ (ಅಳಿಸಿದ ಫೈಲ್‌ಗಳ ಜಾಗ ಖಾಲಿ ಅಂತ ಡಿಸ್ಕ್‌ಗೆ ತಿಳಿಸುವ ಸೌಲಭ್ಯ) ಆನ್ ಇದೆಯಾ ನೋಡಿ, ಮತ್ತೆ ಕಾಪಿ ಮಾಡಿ.

ಪ್ರಶ್ನೆ ಕೇಳಿದವರು:
ಈಗ 600 ಜಿಬಿ ಖಾಲಿ. 110 ಜಿಬಿ ಫೈಲ್‌ಗಳು ಪೂರ್ತಿ 450ರಲ್ಲೇ ಹೋದವು. ತುಂಬಾ ಥ್ಯಾಂಕ್ಸ್ ಸರ್. ಇದನ್ನು ಮುಗಿದ ಪ್ರಾಜೆಕ್ಟ್‌ಗೆ ಇಟ್ಟುಕೊಳ್ಳಬಹುದಾ?

ಉತ್ತರ:
ಓದೋಕೆ ಚೆನ್ನಾಗಿದೆ, ಇಟ್ಟುಕೊಳ್ಳಿ. ಆದರೆ ಕರೆಂಟ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿ ಇಡಬೇಡಿ, ಸೆಲ್‌ನ ಚಾರ್ಜ್ ಸೋರುತ್ತದೆ. ಗಿರಾಕಿಯ ಮದುವೆ ವಿಡಿಯೊದ ಇನ್ನೊಂದು ಕಾಪಿ ಹಾರ್ಡ್ ಡಿಸ್ಕ್‌ನಲ್ಲಿ ಇರಲೇಬೇಕು.