ಗೋವಾದ ಫೆಣಿಯ ದಾರಿಯಲ್ಲಿ ನಮ್ಮ ಕರಾವಳಿಯ ಶೇಂದಿ ನಡೆಯಬಹುದೇ?

ಪ್ರಶ್ನೆ: ಬೈಂದೂರು ಕಡೆಯ ಹೋಮ್‌ಸ್ಟೇ ಮಾಲೀಕ

ಕಳೆದ ಏಪ್ರಿಲ್‌ನಲ್ಲಿ ಗೋವಾದ ಸತ್ತರಿ ತಾಲ್ಲೂಕಿನ ಗೇರುತೋಟವೊಂದರಲ್ಲಿ ಒಂದು ಹಗಲು ಕಳೆದೆ. ತಾನಾಗಿ ಉದುರಿದ ಹಣ್ಣನ್ನು ಹೆಕ್ಕಿ, ಬೀಜ ಬೇರ್ಪಡಿಸಿ, ತುಳಿದು ರಸ ತೆಗೆದು, ಹುಳಿ ಬಂದ ರಸವನ್ನು ಭಟ್ಟಿಗೇರಿಸಿ ಫೆಣಿ ಎಂಬ ಮದ್ಯ ಮಾಡುವ ಕೆಲಸವನ್ನು ನೋಡಲೆಂದೇ ದೂರದ ಊರುಗಳಿಂದ ಕುಟುಂಬಗಳು ಬಂದಿದ್ದವು. ಅವರಲ್ಲಿ ಹಲವರು ಕುಡಿಯದವರು. ನಮ್ಮಲ್ಲಿ ಗೇರುಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ. ಇಂಥ ಪ್ರವಾಸವನ್ನು ಇಲ್ಲಿಯೂ ಏರ್ಪಡಿಸಲು ಸಾಧ್ಯವೇ?

ಉತ್ತರ 1: ಮಡಗಾಂವ್‌ನಲ್ಲಿ ನೆಲೆಸಿದ ಕನ್ನಡಿಗ

ಗೇರು ಫೆಣಿಗೆ 2009ರಲ್ಲಿ ಭೌಗೋಳಿಕ ಸೂಚಕ ದೊರೆಯಿತು, 2016ರಲ್ಲಿ ಗೋವಾ ಸರ್ಕಾರ ಅದನ್ನು ಪಾರಂಪರಿಕ ಪಾನೀಯವೆಂದು ಘೋಷಿಸಿತು. ಆದರೆ ಜನರನ್ನು ತೋಟದವರೆಗೆ ಎಳೆದು ತರುವುದು ಈ ಬಿರುದುಗಳಲ್ಲ, ಉರ್ರಾಕ್. ಮೊದಲ ಬಾರಿ ಭಟ್ಟಿ ಇಳಿಸಿದಾಗ ದೊರೆಯುವ ಈ ತೆಳು ಮದ್ಯ ಹೆಚ್ಚು ದಿನ ಇಟ್ಟುಕೊಳ್ಳುವಂಥದ್ದಲ್ಲವಾದ್ದರಿಂದ, ಮಾರ್ಚ್‌ನಿಂದ ಮೇ ತಿಂಗಳೊಳಗೆ ಇಲ್ಲಿಗೇ ಬಂದು ರುಚಿ ನೋಡಬೇಕು. ಅದನ್ನೇ ಮತ್ತೆ ಭಟ್ಟಿಗೇರಿಸಿದರೆ ಫೆಣಿಯಾಗುತ್ತದೆ. ಅದರ ಬಾಟಲಿಯನ್ನು ಇಲ್ಲಿನ ಮದ್ಯದಂಗಡಿಗಳಲ್ಲಿ ಕೊಳ್ಳಬಹುದು. ಬಾಟಲಿ ಮಾರುವುದು ವ್ಯಾಪಾರ, ಭಟ್ಟಿಯ ಬಳಿ ಕೂರಿಸಿ ವಿವರಿಸುವುದು ಪ್ರವಾಸ ಎಂಬ ವ್ಯತ್ಯಾಸವನ್ನು ಮರೆಯಬೇಡಿ. ಕಡಲತೀರದಲ್ಲಿ ಬಾಟಲಿ ಒಡೆದು ಹೋಗುವವರ ಕಾಟ ತಾಳಲಾರದೆ 2019ರಲ್ಲಿ ಇಲ್ಲಿನ ಸರ್ಕಾರ ಪ್ರವಾಸಿ ತಾಣಗಳ ಬಯಲಲ್ಲಿ ಕುಡಿಯುವುದಕ್ಕೆ ದಂಡ ವಿಧಿಸುವ ಕಾನೂನು ತಂದಿತು.

ಉತ್ತರ 2: ಉಡುಪಿ ಜಿಲ್ಲೆಯ ಮೂರ್ತೆದಾರ (ಶೇಂದಿ ಇಳಿಸುವ) ಕುಟುಂಬದವನು

ಭಟ್ಟಿಯ ಆಸೆಯನ್ನು ಮೊದಲು ಬಿಡಿ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗಿದೆ. ಗೇರುಹಣ್ಣಿನ ರಸವನ್ನು ಮನೆಯಂಗಳದಲ್ಲಿ ಭಟ್ಟಿ ಇಳಿಸಿದರೆ ನೇರವಾಗಿ ಅಬಕಾರಿ ಪ್ರಕರಣ. ನಮಗಿರುವುದು ಶೇಂದಿ, ಅಂದರೆ ತೆಂಗು, ತಾಳೆಯಂಥ ಮರಗಳಿಂದ ಇಳಿಸುವ ಕಳ್ಳು. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಅದು ಮೂರ್ತೆದಾರರ ಸಹಕಾರ ಸಂಘಗಳ ಮೂಲಕ ಕಾನೂನುಬದ್ಧವಾಗಿಯೇ ಮಾರಾಟವಾಗುತ್ತದೆ.

ಉರ್ರಾಕ್‌ಗೆ ಹೇಳಿದ ಮಾತು ಶೇಂದಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಬೆಳಿಗ್ಗೆ ಇಳಿಸಿದ್ದು ಸಂಜೆಯ ಹೊತ್ತಿಗೆ ಹುಳಿ ಏರಿರುತ್ತದೆ, ಮರುದಿನಕ್ಕೆ ಅದರ ರುಚಿಯೇ ಬೇರೆ. ಸುಣ್ಣ ಬಳಿದ ಮಡಕೆ ಕಟ್ಟಿದರೆ ಅದೇ ಮರದಿಂದ ಹುಳಿಯಾಗದ ಸಿಹಿ ನೀರಾ ಸಿಗುತ್ತದೆ; ಮಕ್ಕಳೊಂದಿಗೆ ಬಂದವರಿಗೆ ಅದನ್ನು ಕೊಡಬಹುದು, ಆದರೆ ಅದನ್ನು ಇಳಿಸಲೂ ಪರವಾನಗಿ ಬೇಕು.

ನನ್ನ ಆತಂಕ ಬೇರೆಯದು. ಒಂದು ಮರ ಕೊಡುವುದಕ್ಕೆ ಮಿತಿಯಿದೆ, ದಿನಕ್ಕೆರಡು ಬಾರಿ ಮರ ಹತ್ತುವ ಗಂಡಸರು ಊರಲ್ಲಿ ಬೆರಳೆಣಿಕೆಯಷ್ಟಿದ್ದಾರೆ. ಬಸ್ಸುಗಟ್ಟಲೆ ಜನ ಬಂದು ಕೇಳತೊಡಗಿದರೆ ನೀರು, ಸಕ್ಕರೆ ಬೆರೆಸಿದ್ದೇ ಶೇಂದಿ ಎನಿಸಿಕೊಳ್ಳುತ್ತದೆ. ಫೋಟೋಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಮರ ಹತ್ತಿಸುವುದಂತೂ ಬೇಡ. ನನ್ನ ತಂದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಆ ಕೆಲಸ ಆಟವಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ನಮ್ಮಲ್ಲಿ ಉಳಿದುಕೊಂಡ ನಾಲ್ಕೈದು ಜನರನ್ನು ಮಾತ್ರ, ಮೂರ್ತೆದಾರರು ಮಡಕೆ ಇಳಿಸುವ ಹೊತ್ತಿಗೇ ಕರೆದೊಯ್ದು, ಶೇಂದಿಯನ್ನು ಸಂಘದ ಅಂಗಡಿಯಲ್ಲೇ ಕೊಳ್ಳುವಂತೆ ಹೇಳಿ, ಮರ ಹತ್ತುವವರ ಸಮಯಕ್ಕೆ ಪ್ರತ್ಯೇಕವಾಗಿ ಹಣ ಕೊಡಿಸುವುದು ಸರಿಯೇ? ಆ ಮೊತ್ತ ಎಷ್ಟಿದ್ದರೆ ನಿಮ್ಮವರಿಗೆ ನ್ಯಾಯ ಅನಿಸುತ್ತದೆ ಎಂಬುದನ್ನು ನೀವೇ ಹೇಳಬೇಕು.